ದೇವರ ಹತ್ತಿರ ರಶೀದಿ ಕೇಳುವುದು

ಪೆರೇಸಂದ್ರದ ಸುತ್ತಿನ ಹಳ್ಳಿಗಳಲ್ಲಿ ಹಾಲಿನ ಲೆಕ್ಕ ದಿನಕ್ಕೆರಡು ಸಲ ಆಗುತ್ತದೆ. ಬೆಳಿಗ್ಗೆ, ಸಂಜೆ ಡೈರಿಗೆ ಹಾಲು ಹಾಕಿದವರಿಗೆ ಎಷ್ಟು ಲೀಟರು, ಎಷ್ಟು ಫ್ಯಾಟು ಎಂಬುದು ತಿಳಿದಿರಲೇಬೇಕು. ಫ್ಯಾಟು ಸ್ವಲ್ಪ ಕಮ್ಮಿ ಬಂದರೆ ಅಲ್ಲೇ ಜಗಳ. ವರ್ಷಕ್ಕೊಮ್ಮೆ ಸಂಘದ ಸರ್ವಸದಸ್ಯರ ಸಭೆಯಲ್ಲಿ ಜಮಾಖರ್ಚು ಓದುತ್ತಾರೆ. ಬೋನಸ್ ಯಾಕೆ ಇಷ್ಟೇ ಎಂದು ಎದ್ದು ಕೇಳುವವರಲ್ಲಿ ಹೆಬ್ಬೆಟ್ಟು ಒತ್ತುವವರೂ ಇರುತ್ತಾರೆ. ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡು ಒಯ್ದವರೂ ಅಷ್ಟೇ, ತಕ್ಕಡಿಯಿಂದ ಕಣ್ಣು ತೆಗೆಯುವುದಿಲ್ಲ. ನಮ್ಮ ಕಡೆಯ ಜನ ಲೆಕ್ಕ ಅರಿಯದವರಲ್ಲ.

ಇದೇ ಜನ ಒಂದು ಕಡೆ ಮಾತ್ರ ಲೆಕ್ಕ ಕೇಳುವುದಿಲ್ಲ. ನಮ್ಮ ಬೀದಿಯ ಹಿರಿಯ ಹೆಂಗಸೊಬ್ಬರು ಹಾಲಿನ ಬಟವಾಡೆಯಾದ ದಿನ ಹತ್ತರಲ್ಲಿ ಒಂದು ಪಾಲನ್ನು ಎತ್ತಿಟ್ಟು, ತಾವು ಟಿವಿಯಲ್ಲಿ ನೋಡುವ ಬೋಧಕರೊಬ್ಬರ ಖಾತೆಗೆ ಮೊಮ್ಮಗನ ಫೋನಿನಿಂದ ಕಳಿಸುತ್ತಾರೆ. ಆ ದುಡ್ಡು ಮುಂದೆ ಏನಾಗುತ್ತೆ ಅಂತ ಯಾವತ್ತಾದರೂ ಕೇಳಿದ್ದೀರಾ ಅಜ್ಜಿ ಎಂದೆ. “ಡೈರಿಯೋನು ಮನುಷ್ಯ, ಅವನ್ನ ಕೇಳ್ತೀನಿ. ಇದು ದೇವ್ರಿಗೆ ಕೊಟ್ಟಿದ್ದು. ದೇವ್ರ ಹತ್ರ ಯಾರಾದ್ರೂ ರಶೀದಿ ಕೇಳ್ತಾರಾ?” ಎಂದರು.

ನೀತಿಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿರುವ ನನಗೆ ಈ ಮಾತನ್ನು ಮೂಢನಂಬಿಕೆ ಎಂದು ಬದಿಗೆ ಸರಿಸಲು ಆಗಲಿಲ್ಲ. ಅದರ ಹಿಂದೆ ದಾನದ ಬಗ್ಗೆ ಒಂದು ಗಟ್ಟಿ ತಿಳಿವಳಿಕೆ ಇದೆ. ಮದುವೆ ಮನೆಯಲ್ಲಿ ಮುಯ್ಯಿಯನ್ನು ಪುಸ್ತಕದಲ್ಲಿ ಬರೆದಿಡುತ್ತೇವೆ, ಯಾಕೆಂದರೆ ಅದು ತಿರುಗಿ ಹೋಗಬೇಕಾದ ಹಣ. ದಾನವನ್ನು ಬರೆದಿಡುವುದಿಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ಯೇಸುವೂ ಹೇಳಿದ. ಲೆಕ್ಕವಿಟ್ಟರೆ ದಾನ ವ್ಯವಹಾರವಾಗುತ್ತದೆ ಎಂಬ ಅಳುಕು ಸಾಚಾ ಆದದ್ದೇ.

ಆದರೆ ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಕಲಸಿಕೊಂಡಿವೆ. ‘ಕೊಟ್ಟದ್ದಕ್ಕೆ ನನಗೇನು ಸಿಗುತ್ತದೆ’ ಎಂಬುದು ಒಂದು. ‘ಕೊಟ್ಟದ್ದು ಮುಟ್ಟಿತೇ’ ಎಂಬುದು ಇನ್ನೊಂದು. ಮೊದಲನೆಯದು ದಾನವನ್ನು ಕೆಡಿಸಬಹುದು, ಎರಡನೆಯದು ಕೆಡಿಸುವುದಿಲ್ಲ. ಗಂಡನ ಮನೆಯಲ್ಲಿರುವ ತಂಗಿಗೆ ಯಾರದೋ ಕೈಯಲ್ಲಿ ಒಂದು ಚೀಲ ಅವರೆಕಾಯಿ ಕಳಿಸಿದವನು ಸಂಜೆ ಫೋನ್ ಮಾಡಿ “ಬಂತೇನಮ್ಮಾ?” ಎನ್ನುತ್ತಾನೆ. ಅದು ತಂಗಿಯ ಮೇಲಿನ ಅನುಮಾನವಲ್ಲ, ಅವಳ ಮೇಲಿನ ಅಕ್ಕರೆ. ದೇವರಿಗೆಂದು ಕೊಟ್ಟ ಹಣವನ್ನೂ ಹೊತ್ತೊಯ್ಯುವವರು ಮನುಷ್ಯರೇ. ಅಜ್ಜಿ ದೇವರ ಮೇಲಿಟ್ಟಿರುವ ನಂಬಿಕೆ, ಅವರಿಗೂ ತಿಳಿಯದಂತೆ, ಆ ಹೊತ್ತೊಯ್ಯುವವರಿಗೂ ಸಂದುಬಿಟ್ಟಿದೆ.

ಧರ್ಮಗಳಿಗೆ ಈ ವ್ಯತ್ಯಾಸ ಗೊತ್ತಿಲ್ಲದೇ ಇರಲಿಲ್ಲ. ಜೆರುಸಲೇಮಿನ ಬಡವರಿಗಾಗಿ ಸಂಗ್ರಹಿಸಿದ ಹಣದ ಬಗ್ಗೆ ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಪೌಲ ಮಾಡುವ ಏರ್ಪಾಡು ನೋಡಿ. ಹಣದ ಕೆಲಸಕ್ಕೆ ತೀತನ ಜೊತೆ ಸಭೆಗಳೇ ಆರಿಸಿದ ಒಬ್ಬ ಸಹೋದರನನ್ನೂ ಕಳಿಸುತ್ತಾನೆ. ಈ ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ತಪ್ಪು ಹೊರಿಸುವಂತಾಗಬಾರದು, ದೇವರ ಮುಂದಷ್ಟೇ ಅಲ್ಲ, ಜನರ ಮುಂದೆಯೂ ನಡತೆ ಸರಿ ಇರಬೇಕು ಎಂಬುದು ಅವನು ಕೊಡುವ ಕಾರಣ. ನಮ್ಮಲ್ಲಿ ಬಸವಣ್ಣ ಬಿಜ್ಜಳನ ಭಂಡಾರಿ. ಬೊಕ್ಕಸವನ್ನು ಜಂಗಮರಿಗೆ ಸುರಿಯುತ್ತಿದ್ದಾನೆ ಎಂದು ದೂರು ಹೋದಾಗ ಭಂಡಾರ ತೆರೆದು ಎಣಿಸಿದರು, ಹಣ ಪೂರ್ತಿ ಇತ್ತು ಎಂಬ ಕಥೆಯನ್ನು ಪುರಾಣಗಳು ಹೇಳುತ್ತವೆ. ನಾವು ಅಲ್ಲಿ ಪವಾಡವನ್ನು ನೆನಪಿಟ್ಟುಕೊಂಡಿದ್ದೇವೆ. ನನಗೆ ಮುಖ್ಯವಾಗಿ ಕಾಣುವುದು ಅದಕ್ಕೆ ಮುಂಚಿನದು: ನನ್ನ ಭಕ್ತಿಯನ್ನೇ ಶಂಕಿಸುತ್ತೀರಾ ಎಂದು ಬಸವಣ್ಣ ಸಿಟ್ಟಾಗಲಿಲ್ಲ, ಭಂಡಾರ ತೆರೆದ.

ಹಾಗಾದರೆ ಹೆಸರುವಾಸಿ ಬೋಧಕರ ವಿಷಯದಲ್ಲಿ ಬದಲಾದದ್ದೇನು? ನಲವತ್ತು ಮನೆಗಳ ಹಳ್ಳಿಯ ಸಭೆಯಲ್ಲಿ ಲೆಕ್ಕಪುಸ್ತಕ ಇಲ್ಲದಿದ್ದರೂ ಲೆಕ್ಕ ನಡೆಯುತ್ತಿರುತ್ತದೆ. ಸಭಾಪಾಲಕರ ಸೈಕಲ್ಲು ಬೈಕಾದರೆ ಊರಿಗೆಲ್ಲ ಗೊತ್ತಾಗುತ್ತದೆ. ಬೈಕು ಕಾರಾದರೆ ಯಾರಾದರೊಬ್ಬರು ಕೇಳುತ್ತಾರೆ. ಅಲ್ಲಿ ಊರಿನ ಕಣ್ಣೇ ಆಡಿಟರು. ಪರದೆಯ ಮೇಲಿನ ಬೋಧಕರಿಗೆ ಕೊಡುವವರು ಒಬ್ಬರನ್ನೊಬ್ಬರು ನೋಡಿರುವುದಿಲ್ಲ, ಬೋಧಕರ ಮನೆ ನೋಡಿರುವುದಿಲ್ಲ. ಇನ್ನೂ ಕಷ್ಟದ ಸಂಗತಿ, ‘ಸಮೃದ್ಧಿಯ ಸುವಾರ್ತೆ’ ಸಾರುವವರಲ್ಲಿ ಕಾರು, ಬಂಗಲೆಗಳೇ ದೇವರ ಆಶೀರ್ವಾದದ ಸಾಕ್ಷಿ. ಹಳ್ಳಿಯಲ್ಲಿ ಅನುಮಾನ ಹುಟ್ಟಿಸುತ್ತಿದ್ದ ಗುರುತೇ ಇಲ್ಲಿ ನಂಬಿಕೆ ಹೆಚ್ಚಿಸುವ ಗುರುತು. ಕಣ್ಣು ಕೆಲಸ ಮಾಡದ ಕಡೆ ಕಾಗದ ಬೇಕು.

ಪೆರೇಸಂದ್ರದಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ಯಲಹಂಕ ದಾಟಿದ ಮೇಲೆ ಜಕ್ಕೂರು ಸಿಗುತ್ತದೆ. ಅಲ್ಲಿನ ವಿಮಾನ ಮೈದಾನದಲ್ಲಿ 2005ರ ಜನವರಿಯಲ್ಲಿ ಅಮೆರಿಕದ ಟಿವಿ ಬೋಧಕ ಬೆನ್ನಿ ಹಿನ್ ಮೂರು ದಿನ ಸಭೆ ನಡೆಸಿದರು. ಆಗ ದೊಡ್ಡ ಪ್ರತಿಭಟನೆಗಳಾದವು. ಗದ್ದಲ ಬಹುಪಾಲು ಮತಾಂತರದ ಸುತ್ತ, ರೋಗ ವಾಸಿ ಮಾಡುವ ಪವಾಡದ ಸುತ್ತ. ಹಣದ ಪ್ರಶ್ನೆ ಜೋರಾಗಿ ಎದ್ದದ್ದು ಅವರದೇ ದೇಶದಲ್ಲಿ. 2007ರ ನವೆಂಬರಿನಲ್ಲಿ ಸೆನೆಟರ್ ಚಾರ್ಲ್ಸ್ ಗ್ರಾಸ್ಲಿ ಬೆನ್ನಿ ಹಿನ್ ಸೇರಿದಂತೆ ಆರು ಬೋಧಕರ ಸಂಸ್ಥೆಗಳಿಗೆ ಪತ್ರ ಬರೆದು ಸಂಬಳ, ಮನೆ, ವಿಮಾನಗಳ ವಿವರ ಕೇಳಿದರು. 2011ರ ಜನವರಿಯಲ್ಲಿ ವರದಿ ಬಂತು. ಬೆನ್ನಿ ಹಿನ್ ಮತ್ತು ಜಾಯ್ಸ್ ಮೇಯರ್ ಅವರ ಸಂಸ್ಥೆಗಳು ಉತ್ತರ ಕೊಟ್ಟು ಆಡಳಿತ ಸುಧಾರಿಸಿಕೊಂಡವು, ಉಳಿದ ನಾಲ್ಕು ಪೂರ್ತಿ ವಿವರ ಕೊಡಲಿಲ್ಲ. ಯಾರಿಗೂ ದಂಡವಾಗಲಿಲ್ಲ. ಅಲ್ಲಿನ ಇತರ ದತ್ತಿ ಸಂಸ್ಥೆಗಳು ವರ್ಷವರ್ಷ ಸಲ್ಲಿಸಬೇಕಾದ ಲೆಕ್ಕದ ವಿವರಪತ್ರದಿಂದ ಚರ್ಚುಗಳಿಗೆ ವಿನಾಯಿತಿ ಇದೆ.

ನಮ್ಮಲ್ಲಿ ಕಾನೂನು ಏನೂ ಕೇಳುವುದಿಲ್ಲ ಎಂದಲ್ಲ. ತೆರಿಗೆ ವಿನಾಯಿತಿ ಬೇಕಾದ ಟ್ರಸ್ಟು ನೋಂದಣಿ ಮಾಡಿಸಬೇಕು, ಆದಾಯ ಮಿತಿ ದಾಟಿದರೆ ಆಡಿಟ್ ಮಾಡಿಸಬೇಕು. ಆದರೆ ಆ ವರದಿ ಹೋಗುವುದು ಇಲಾಖೆಗೆ, ಕಾಣಿಕೆ ಕೊಟ್ಟವರಿಗಲ್ಲ. ಹೆಸರಿಲ್ಲದ ದೇಣಿಗೆಗೆ ಶೇ. 30ರಷ್ಟು ತೆರಿಗೆ ಹಾಕುವ ಕಲಮನ್ನು 2006ರಲ್ಲಿ ಆದಾಯ ತೆರಿಗೆ ಕಾಯ್ದೆಗೆ ಸೇರಿಸಿದಾಗ, ಪೂರ್ತಿ ಧಾರ್ಮಿಕವಾದ ಟ್ರಸ್ಟುಗಳನ್ನು ಹೊರಗಿಟ್ಟರು. ವಿದೇಶಿ ದೇಣಿಗೆ ಪಡೆಯುವ ಸಂಸ್ಥೆಗಳು ಮೂರು ತಿಂಗಳಿಗೊಮ್ಮೆ ಅದರ ವಿವರ ಪ್ರಕಟಿಸಬೇಕಿತ್ತು, 2022ರ ಜುಲೈನಲ್ಲಿ ಆ ನಿಯಮವನ್ನೇ ಕೈಬಿಟ್ಟರು.

ಎಲ್ಲಕ್ಕಿಂತ ಮುಖ್ಯವಾದದ್ದು ಸದಸ್ಯ ಮತ್ತು ದಾನಿಯ ನಡುವಿನ ವ್ಯತ್ಯಾಸ. ದಕ್ಷಿಣ ಭಾರತ ಸಭೆಯಂಥ ಹಳೆಯ ಚರ್ಚುಗಳಲ್ಲಿ ಸಮಿತಿ ಇರುತ್ತದೆ, ಚುನಾವಣೆ ನಡೆಯುತ್ತದೆ. ಅಲ್ಲೂ ಜಗಳಗಳಿವೆ, ಆಸ್ತಿ ವ್ಯಾಜ್ಯಗಳು ಕೋರ್ಟು ಹತ್ತಿವೆ. ಆದರೆ ಜಗಳವಾಡಲು ಹಕ್ಕಿರುವ ಸದಸ್ಯರಿದ್ದಾರೆ ಎಂಬುದಕ್ಕೂ ಅದೇ ಪುರಾವೆ. ಬೋಧಕರು, ಅವರ ಹೆಂಡತಿ, ಮಗ, ಅಳಿಯ ಟ್ರಸ್ಟಿಗಳಾಗಿರುವ ಕಡೆ ಲಕ್ಷ ಜನ ದಾನಿಗಳಿದ್ದರೂ ಸದಸ್ಯರು ಯಾರೂ ಇರುವುದಿಲ್ಲ. ಸಾರ್ವಜನಿಕ ಧಾರ್ಮಿಕ ಟ್ರಸ್ಟಿನ ಲೆಕ್ಕ ಕೇಳಿ, ಅದರಲ್ಲಿ ಹಿತಾಸಕ್ತಿ ಇರುವ ಇಬ್ಬರು ಕೋರ್ಟಿನ ಅನುಮತಿ ಪಡೆದು ದಾವೆ ಹೂಡಬಹುದು ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮು ಹೇಳುತ್ತದೆ. ಹಾಲು ಕರೆದು ಬದುಕುವ ಅಜ್ಜಿ ಆ ಮೆಟ್ಟಿಲು ಹತ್ತಲಾರರು.

ಇದು ಒಂದು ಧರ್ಮದ ಕಥೆಯಲ್ಲ. ಮಲೆ ಮಹದೇಶ್ವರ ಬೆಟ್ಟದಲ್ಲಿ ಹುಂಡಿ ಎಣಿಸಿದರೆ ಮೊತ್ತ ಪತ್ರಿಕೆಯಲ್ಲಿ ಬರುತ್ತದೆ. ಆದರೆ 1997ರ ಮುಜರಾಯಿ ಕಾಯ್ದೆ ಮಠಗಳಿಗೆ ಅನ್ವಯಿಸುವುದಿಲ್ಲ, ಟಿವಿ ಗುರುಗಳ ಆಶ್ರಮಗಳ ಟ್ರಸ್ಟುಗಳೂ ಅದರ ಹೊರಗೇ.

ಇಲ್ಲೊಂದು ಆಕ್ಷೇಪ ಇದೆ, ಅದನ್ನು ಹಗುರವಾಗಿ ತೆಗೆದುಕೊಳ್ಳಲಾಗದು. 2022ರಲ್ಲಿ ಮತಾಂತರದ ವಿರುದ್ಧ ಕಾಯ್ದೆ ಬಂದ ರಾಜ್ಯ ನಮ್ಮದು. ಇಲ್ಲಿ ಪ್ರಾರ್ಥನಾ ಸಭೆಗಳ ಲೆಕ್ಕ ಕೇಳಿ ಎಂದರೆ, ಆ ಮಾತು ಬಾಗಿಲು ಮುರಿಯಲು ಕಾದಿರುವವರ ಕೈಗೆ ದೊಣ್ಣೆಯಾಗಬಹುದು. ಅದಕ್ಕೇ ಲೆಕ್ಕ ಯಾರಿಗೆ ಸಲ್ಲಬೇಕು ಎಂಬುದು, ಎಷ್ಟು ಲೆಕ್ಕ ಎಂಬುದಕ್ಕಿಂತ ದೊಡ್ಡ ಪ್ರಶ್ನೆ. ಲೆಕ್ಕ ಕೇಳುವ ಮೊದಲ ಹಕ್ಕು ಬೀದಿಯಲ್ಲಿ ಕೂಗುವವರದಲ್ಲ, ಕೊಟ್ಟವರದು. ಟ್ರಸ್ಟಿಗಳು ಯಾರು, ಅವರಲ್ಲಿ ಒಂದೇ ಮನೆಯವರು ಎಷ್ಟು, ಬೋಧಕರ ಸಂಬಳವನ್ನು ಯಾರು ಗೊತ್ತು ಮಾಡುತ್ತಾರೆ, ಜಾಗ ಯಾರ ಹೆಸರಲ್ಲಿದೆ, ಆಡಿಟ್ ವರದಿ ಎಲ್ಲಿ ಸಿಗುತ್ತದೆ. ಈ ಐದು ಪ್ರಶ್ನೆಗಳಿಗೆ ಉತ್ತರವನ್ನು ಸಂಸ್ಥೆಗಳು ಕೇಳುವ ಮುನ್ನವೇ ಕೊಟ್ಟವರ ಮುಂದಿಟ್ಟರೆ, ಹೊರಗಿನವರ ದೊಣ್ಣೆಗೂ ಬಲ ಕುಂದುತ್ತದೆ.

ಕಾಣಿಕೆಯ ಪ್ರಸಂಗ ಬಂದಾಗಲೆಲ್ಲ ಬೋಧಕರು ಎರಡು ಕಾಸು ಹಾಕಿದ ಬಡ ವಿಧವೆಯನ್ನು ನೆನೆಸುತ್ತಾರೆ. ಮಾರ್ಕನ ಸುವಾರ್ತೆಯಲ್ಲಿ ಆ ಕಥೆಗೆ ಸ್ವಲ್ಪ ಮೇಲೆಯೇ, ಉದ್ದ ಪ್ರಾರ್ಥನೆ ಮಾಡುತ್ತ ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳ ಬಗ್ಗೆ ಯೇಸುವಿನ ಎಚ್ಚರಿಕೆ ಇದೆ. ಆಮೇಲೆ ಅವನು ಹೋಗಿ ಕೂರುವುದು ಕಾಣಿಕೆ ಪೆಟ್ಟಿಗೆಯ ಎದುರಿಗೆ. ಯಾರು ಎಷ್ಟು ಹಾಕಿದರು ಎಂದು ಗಮನಿಸುತ್ತ ಕೂರುತ್ತಾನೆ. ಅವನು ಗಮನಿಸಿದ್ದರಿಂದಲೇ ಆ ವಿಧವೆ ಹಾಕಿದ್ದು ಎರಡೇ ಕಾಸು, ಅವಳಲ್ಲಿ ಇದ್ದದ್ದೂ ಅಷ್ಟೇ ಎಂದು ನಮಗೆ ಇವತ್ತಿಗೂ ಗೊತ್ತಿದೆ.