ಹದಿನೆಂಟನೇ ಪಿನ್ನು

ದೇವರ ದಯೆ ನಮ್ಮ ಪ್ರಯತ್ನಕ್ಕೆ ಸಿಗುವ ಫಲವೋ, ಕಾರಣವೇ ಇಲ್ಲದೆ ಹರಿದುಬರುವಂಥದ್ದೋ? ಶ್ರೀವೈಷ್ಣವರ ಎರಡು ಪಂಗಡಗಳಾದ ವಡಗಲೆ, ತೆಂಗಲೆಗಳ ನಡುವೆ ಇದು ಹಳೆಯ ಪ್ರಶ್ನೆ. ಕೋತಿಮರಿ ತಾಯಿಯ ಹೊಟ್ಟೆಯನ್ನು ತಾನೇ ಅವುಚಿಕೊಳ್ಳಬೇಕು ಎನ್ನುತ್ತಾರೆ ವಡಗಲೆಯವರು. ಬೆಕ್ಕಿನ ಮರಿ ಸುಮ್ಮನಿದ್ದರೂ ತಾಯಿಯೇ ಕಚ್ಚಿಕೊಂಡು ಹೋಗುತ್ತದೆ ಎನ್ನುತ್ತಾರೆ ತೆಂಗಲೆಯವರು. ಜೀವದ ಕಡೆಯಿಂದ ಒಂದು ನೆಪವಾದರೂ ಬೇಕು ಎಂದವರು ವೇದಾಂತ ದೇಶಿಕರು. ಅದೂ ಬೇಡವೆನ್ನುವ ಪಕ್ಷಕ್ಕೆ ಪಿಳ್ಳೈ ಲೋಕಾಚಾರ್ಯರು ಆಧಾರ. ನಾನು ಜಗನ್ಮೋಹನ ಅರಮನೆಯ ಪಕ್ಕದ ಪರಕಾಲ ಮಠಕ್ಕೆ ಅಪ್ಪನ ಜೊತೆ ನಡೆದು ಬೆಳೆದ ವಡಗಲೆಯವನು. ನನ್ನ ಹೆಂಡತಿ ಮೇಲುಕೋಟೆಯ ತೆಂಗಲೆ ಮನೆಯವಳು. ಹೀಗಾಗಿ ಈ ಪ್ರಶ್ನೆ ನಮ್ಮ ಮನೆಯಲ್ಲಿ ಊಟದ ಎಲೆಯವರೆಗೂ ಬಂದಿದೆ.

ಈ ಬೇಸಿಗೆ ರಜೆಗೆ ಕುವೆಂಪುನಗರದ ನಮ್ಮ ಮನೆಗೆ ಬಂದ ಮೊಮ್ಮಗ ಪ್ಲೇಸ್ಟೇಷನ್ ಎಂಬ ಆಟದ ಕನ್ಸೋಲ್ ತಂದಿದ್ದ. ಸಂಜೆ ಟಿವಿ ಅವನಿಗೆ ಸಿಗುವಂತಿರಲಿಲ್ಲ. ನನ್ನ ಕಂಪ್ಯೂಟರಿನ ಮಾನಿಟರಿಗೆ ಎಚ್‌ಡಿಎಂಐ ಕೇಬಲ್ ಹಾಕಿಕೊಟ್ಟೆ. ಮಾನಿಟರಿನಲ್ಲಿ ಸ್ಪೀಕರ್ ಇಲ್ಲ, ಆದ್ದರಿಂದ ಹೆಡ್‌ಫೋನನ್ನು ಆಟದ ಕಂಟ್ರೋಲರಿಗೇ ಸಿಕ್ಕಿಸಿದೆವು. "ತಾತ, ಇದು ಟಿವಿ ಅಲ್ಲ ಮಾನಿಟರ್ ಅಂತ ಪ್ಲೇಸ್ಟೇಷನ್‌ಗೆ ಹೇಗೆ ಗೊತ್ತಾಯ್ತು?" ಎಂದು ಕೇಳಿದ.

ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಿದವನು ನಾನು, ಉತ್ತರ ಗೊತ್ತಿತ್ತು. ಆ ಕೇಬಲಿನ ತುದಿಯಲ್ಲಿ 19 ಪಿನ್ನುಗಳಿವೆ. 18ನೆಯದರಲ್ಲಿ ಕನ್ಸೋಲ್ ತಾನಾಗಿ 5 ವೋಲ್ಟ್ ಕಳಿಸುತ್ತದೆ. ಮಾನಿಟರ್ ಅದೇ 5 ವೋಲ್ಟನ್ನು ಬಳಸಿ 19ನೇ ಪಿನ್ನಿನಲ್ಲಿ "ನಾನಿದ್ದೇನೆ" ಎಂಬ ಸೂಚನೆಯನ್ನು ಹಿಂದಿರುಗಿಸುತ್ತದೆ. ಆಮೇಲೆ ಕನ್ಸೋಲ್ 15 ಮತ್ತು 16ನೇ ಪಿನ್ನುಗಳ ಮೂಲಕ ಮಾನಿಟರಿನೊಳಗಿನ ಪುಟ್ಟ ಮೆಮೊರಿಯನ್ನು ಓದುತ್ತದೆ: ಎಷ್ಟು ಅಗಲದ ಚಿತ್ರ, ಸೆಕೆಂಡಿಗೆ ಎಷ್ಟು ಸಲ. ಮಾನಿಟರಿನ ಸ್ವಂತ ಕರೆಂಟ್ ಆಫ್ ಆಗಿದ್ದರೂ ಆ ಮೆಮೊರಿಯನ್ನು ಓದಲಾಗುವಂತೆ ಈ ವ್ಯವಸ್ಥೆ ಮಾಡಿದ್ದಾರೆ. ಪರದೆಗೆ ಹಿಡಿಸುವಷ್ಟು ಚಿತ್ರ ಬರುವುದು ಇಷ್ಟೆಲ್ಲ ಆದ ಮೇಲೆ.

ಹೇಳುತ್ತ ಹೇಳುತ್ತ ನನ್ನ ಮನಸ್ಸು ಮಠದ ಕಡೆ ಹೋಯಿತು. ಸೂಚನೆ ಹಿಂದಿರುಗದಿದ್ದರೆ ಚಿತ್ರ ಬಾರದು. ದೇಶಿಕರು ಕೇಳಿದ ನೆಪ ಇದೇ. ಆದರೆ ಆ ಸೂಚನೆಯಲ್ಲಿರುವ ಶಕ್ತಿ ಮಾನಿಟರಿನದಲ್ಲ, ಕೇಳುವ ಮೊದಲೇ ಆಚೆಯಿಂದ ಬಂದದ್ದು. ತೆಂಗಲೆಯವರು ಬಿಡದೆ ಹೇಳುವ ನಿರ್ಹೇತುಕ ಕೃಪೆ ಇದೇ.

ಯಂತ್ರದಿಂದ ದೇವರ ವಿಷಯ ಸಿದ್ಧವಾಗದು, ನಿಜ. ಕನ್ಸೋಲಿಗೆ ಕರುಣೆ ಇಲ್ಲ. ಸೂಚನೆ ಬಾರದಿದ್ದರೆ ಅದು ಚಿತ್ರ ತಡೆದು ಸುಮ್ಮನಾಗುತ್ತದೆ. ದೇವರೂ ಹಾಗೆಯೇ ಸುಮ್ಮನಾಗುತ್ತಾನೆ ಎಂದು ಒಪ್ಪಲು ನನ್ನಿಂದಾಗದು. ಅಲ್ಲಿ ನಾನು ಹೆಂಡತಿಯ ಪಕ್ಷ. ಆದರೆ ಶರಣಾಗುವುದು ನನ್ನ ಕೆಲಸವಾಗಿದ್ದೂ ಶರಣಾಗುವ ಬಲ ನನ್ನದಾಗಿರಬೇಕಿಲ್ಲ ಎಂಬುದು ನನಗೆ ಇಷ್ಟು ಸ್ಪಷ್ಟವಾಗಿ ಹಿಂದೆಂದೂ ಕಂಡಿರಲಿಲ್ಲ. ಎರಡು ಮಾತೂ ಒಟ್ಟಿಗೆ ನಿಲ್ಲಬಲ್ಲವು.

ಇದನ್ನು ಒಪ್ಪಿದ ಮೇಲೆ ಭಕ್ತಿಯಲ್ಲಿ ಹೆಮ್ಮೆಗೆ ಜಾಗವಿಲ್ಲ. ನನ್ನ ಪೂಜೆ, ನನ್ನ ವ್ರತ ಎಂದು ಲೆಕ್ಕ ಹಿಡಿಯುವವನು ಬೇರೆಯವರ ದುಡ್ಡನ್ನು ತನ್ನದೆಂದು ಎಣಿಸುತ್ತಿದ್ದಾನೆ. ಇನ್ನೂ ಕೈಮುಗಿಯದವನನ್ನು ಕೀಳಾಗಿ ಕಾಣುವ ಹಕ್ಕೂ ಕೈಮುಗಿದವನಿಗಿಲ್ಲ. ಮುಗಿಯುವ ಬಲ ಇಬ್ಬರಿಗೂ ಬರಬೇಕಾದದ್ದು ಒಬ್ಬನಿಂದಲೇ.