ಅಟ್ಟ ಯಾರಿಗಾಗಿ?

ಪುಟ್ಟ ಮನೆಗೊಂದು ಅಟ್ಟ ಸೇರಿಸಬೇಕೇ ಎಂಬುದು ಬಡಗಿಯನ್ನು ಕೇಳುವ ಪ್ರಶ್ನೆಯೆಂದು ಮೇಲ್ನೋಟಕ್ಕೆ ತೋರುತ್ತದೆ. ಜಪಾನಿನ ಚಿಕ್ಕ ಮನೆಗಳಲ್ಲಿ ಸಂಸಾರ ಹೂಡಿರುವ ನಮಗೆ ಅದು ಧರ್ಮದ ಪ್ರಶ್ನೆಯೂ ಹೌದು.

ಇಲ್ಲಿನ ಕಟ್ಟಡ ನಿಯಮ ಅಟ್ಟವನ್ನು ಸಾಮಾನಿನ ಜಾಗವೆಂದೇ ಎಣಿಸುತ್ತದೆ. ಒಳ ಎತ್ತರ 1.4 ಮೀಟರ್ ಮೀರದೆ, ವಿಸ್ತೀರ್ಣ ಕೆಳಗಿನ ಮಹಡಿಯ ಅರ್ಧಕ್ಕಿಂತ ಕಡಿಮೆಯಿದ್ದರೆ ಅದು ನೆಲದ ಲೆಕ್ಕಕ್ಕೆ ಸೇರದು. ವಾಸದ ಕೋಣೆಗಾದರೋ 2.1 ಮೀಟರ್ ಎತ್ತರವಾದರೂ ಇರಬೇಕು. ಸಾಮಾನು ಮೇಲೇರುವುದು ಕೆಳಗೆ ಮನುಷ್ಯನಿಗೆ ಜಾಗವಾಗಲೆಂದು; ಇದೇ ಇದರ ತಾತ್ಪರ್ಯ.

ನಮ್ಮ ಮಲೆನಾಡಿನ ಅಟ್ಟವೂ ಹಾಗೆಯೇ. ಒಲೆಯ ಹೊಗೆ ತಾಗಿ ಅಡಿಕೆ, ತೆಂಗಿನಕಾಯಿ, ಬಿತ್ತನೆ ಬೀಜ ಅಲ್ಲಿ ಕೆಡದೆ ಉಳಿಯುತ್ತಿದ್ದವು. ಏರಿದ್ದು ವರ್ಷದೊಳಗೆ ಇಳಿಯುತ್ತಿತ್ತು. ನಾವು ಏರಿಸುವ ಪೆಟ್ಟಿಗೆಗಳೋ, ಮನೆ ಬದಲಿಸುವವರೆಗೆ ಇಳಿಯುವುದಿಲ್ಲ. ಬೇಕೋ ಬೇಡವೋ ಎಂಬ ತೀರ್ಮಾನವನ್ನೇ ಅಟ್ಟಕ್ಕೆ ಹಾಕಿರುತ್ತೇವೆ.

ಹಾಗೆಂದು ಎಲ್ಲವನ್ನೂ ಬಿಸಾಡುವುದೇ ಹಿರಿಮೆಯೇ? ಅಜ್ಜಿಯ ರೇಷ್ಮೆ ಸೀರೆ, ಮಕ್ಕಳ ಮೊದಲ ಕನ್ನಡ ಪುಸ್ತಕ ಇವಕ್ಕೆ ಉಪಯೋಗದ ತಕ್ಕಡಿ ಸಲ್ಲದು. ಊರು ಬಿಟ್ಟು ಬಂದವರಿಗೆ ಅವೇ ಊರು. ಶ್ರವಣಬೆಳಗೊಳದಲ್ಲಿ ಬಾಹುಬಲಿ ಎಲ್ಲವನ್ನೂ ತೊರೆದು ನಿಂತಿದ್ದಾನೆ; ಆದರೆ ಜೈನ ಧರ್ಮ ಗೃಹಸ್ಥನನ್ನು ಕೇಳುವುದು ಸರ್ವತ್ಯಾಗವನ್ನಲ್ಲ, ತನ್ನ ಆಸ್ತಿಗೆ ತಾನೇ ಹಾಕಿಕೊಳ್ಳುವ ಮಿತಿಯನ್ನು. ಇತ್ತ 1212ರಲ್ಲಿ 'ಹೋಜೋಕಿ' ಬರೆದ ಕಾಮೊ ನೊ ಚೋಮೆಯ್, ಸುಮಾರು 3 ಮೀಟರ್ ಚೌಕದ ಗುಡಿಸಲಲ್ಲಿ ಬಾಳಿದವನು. ಆ ಗುಡಿಸಲ ಮೇಲಿನ ಪ್ರೀತಿಯೂ ಒಂದು ಮೋಹವಲ್ಲವೇ ಎಂದು ಕೊನೆಗೆ ತನ್ನನ್ನೇ ಕೇಳಿಕೊಂಡ. ಮನೆ ಚಿಕ್ಕದಾದ ಮಾತ್ರಕ್ಕೆ ಆಸೆ ಚಿಕ್ಕದಾಗದು ಎಂದಾಯಿತು.

ಹಾಗಾದರೆ ಅಳತೆಗೋಲು ಯಾವುದು? ಊರಿನಿಂದ ತಂದೆತಾಯಿ ಮೂರು ತಿಂಗಳಿಗೆ ಬರುತ್ತಾರೆಂದುಕೊಳ್ಳಿ. ಮಂಡಿನೋವಿನ ಅಮ್ಮ ಏಣಿ ಹತ್ತಲಾರರು. ಬೇಸಿಗೆಯಲ್ಲಿ ಮಾಡಿನ ಕೆಳಗಿನ ಸೆಕೆಯನ್ನು ಯಾರೂ ತಾಳಲಾರರು. ಅವರಿಗೆ ಕೆಳಗೆ ಫುತೊನ್ ಹಾಸಲು ಸಲೀಸಾಗಿ ಜಾಗವಾದರೆ ಆ ಅಟ್ಟ ಸಾರ್ಥಕ. ಅಟ್ಟವೂ ತುಂಬಿ, ಕೋಣೆಯೂ ತುಂಬಿ, "ಈ ವರ್ಷ ಬೇಡಮ್ಮ, ಮನೆ ಚಿಕ್ಕದು" ಎಂದು ಫೋನಿನಲ್ಲಿ ಹೇಳಬೇಕಾದರೆ, ಅವರ ಜಾಗವನ್ನು ಪೆಟ್ಟಿಗೆಗಳಿಗೆ ಕೊಟ್ಟಂತಾಯಿತು.

ಆದ್ದರಿಂದ ಅಟ್ಟ ಕಟ್ಟಿಸುವವರು ಧಾರಾಳವಾಗಿ ಕಟ್ಟಿಸಲಿ. ಡಿಸೆಂಬರಿನಲ್ಲಿ ನೆರೆಹೊರೆಯವರೆಲ್ಲ ಓಸೋಜಿ ಮಾಡುವಾಗ ನಾವೂ ಅಟ್ಟದ್ದನ್ನೆಲ್ಲ ಕೆಳಗಿಳಿಸೋಣ. ಮತ್ತೆ ಏರಿಸುವ ಮುನ್ನ ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ: ಇದು ಯಾರ ಜಾಗದಲ್ಲಿ ಕೂತಿದೆ? ಓದುಗರು ಏನೆನ್ನುತ್ತಾರೋ ತಿಳಿಸಿದರೆ ಸಂತೋಷ.