ಹಳೆಯ ಜೀಪು, ಹೊಸ ಎಂಜಿನ್

ಟಿಕೋಟಾ ತಾಲೂಕಿನ ಘೋಣಸಗಿಯ ರೈತರೊಬ್ಬರ ಅಂಗಳದಲ್ಲಿ ತಂದೆಯ ಕಾಲದ ಪೆಟ್ರೋಲ್ ಜೀಪೊಂದಿದೆ ಎಂದಿಟ್ಟುಕೊಳ್ಳೋಣ. ಗೊಬ್ಬರ, ಆಳುಗಳು, ಒಣದ್ರಾಕ್ಷಿಯ ಪೆಟ್ಟಿಗೆಗಳು, ಮನೆಯ ಮದುಮಕ್ಕಳು ಎಲ್ಲರನ್ನೂ ಎಲ್ಲವನ್ನೂ ಅದು ಹೊತ್ತಿದೆ. ಈಗ ಎಂಜಿನ್ ಕೈಕೊಟ್ಟಿದೆ. ಗುಜರಿಗೆ ಹಾಕಲು ಮನಸ್ಸು ಒಪ್ಪುವುದಿಲ್ಲ. ಮಿಸ್ತ್ರಿಯೊಬ್ಬ ಹೊಸ ಕಾಲದ ಡೀಸೆಲ್ ಎಂಜಿನ್ ಕೂಡಿಸಿಕೊಡುತ್ತಾನೆ. ಜೀಪು ಮತ್ತೆ ಓಡುತ್ತದೆ. ಆದರೆ ಅದು ತಂದೆಯ ಜೀಪೇ?

ತಮಾಷೆಯಂತೆ ಕಾಣುವ ಈ ಪ್ರಶ್ನೆ ಬಹಳ ಹಳೆಯದು. ಅಥೆನ್ಸಿನ ಜನ ಥೀಸಿಯಸ್‌ನ ಹಡಗನ್ನು ಕಾಪಾಡಲು ಕೊಳೆತ ಹಲಗೆಗಳನ್ನು ತೆಗೆದು ಹೊಸವನ್ನು ಜೋಡಿಸುತ್ತ ಬಂದರೆಂದು ಪ್ಲುಟಾರ್ಕ್ ಬರೆದಿದ್ದಾನೆ. 17ನೆಯ ಶತಮಾನದ ಥಾಮಸ್ ಹಾಬ್ಸ್ ಇದಕ್ಕೆ ಇನ್ನೊಂದು ತೊಡಕು ಸೇರಿಸಿದ. ತೆಗೆದ ಹಲಗೆಗಳನ್ನೆಲ್ಲ ಯಾರಾದರೂ ಕೂಡಿಟ್ಟು ಮತ್ತೊಂದು ಹಡಗು ಕಟ್ಟಿದರೆ ನಿಜವಾದದ್ದು ಯಾವುದು? ನಮ್ಮ ಕಡೆ ಇದು ಬರೀ ತರ್ಕವಲ್ಲ. ಜೀಪಿನಿಂದ ಇಳಿಸಿದ ಎಂಜಿನ್ ರಿಪೇರಿಯಾಗಿ ಬಾವಿಯ ದಂಡೆಯಲ್ಲಿ ನೀರೆತ್ತುತ್ತಿದ್ದರೆ ತಂದೆಯ ಜೀಪು ಅಂಗಳದಲ್ಲಿದೆಯೋ, ಬಾವಿಯ ಬಳಿ ಇದೆಯೋ?

ಮಗನನ್ನು ಕೇಳಿದರೆ ಅಂಗಳದತ್ತ ಕೈ ತೋರಿಸುತ್ತಾನೆ. ಅವನ ಮಟ್ಟಿಗೆ ಅದು ಸರಿಯೇ. ಅಂಬಾಸಿಡರ್ ಕಾರನ್ನು ನೋಡಿ. 1950ರ ದಶಕದ ಮಾರಿಸ್ ಆಕ್ಸ್‌ಫರ್ಡ್‌ನ ಮೈಯೊಳಗೆ 1990ರ ದಶಕದಲ್ಲಿ ಇಸುಜು ಎಂಜಿನ್ ಬಂತು. 2014ರಲ್ಲಿ ತಯಾರಿಕೆ ನಿಲ್ಲುವವರೆಗೂ ಜನ ಅದನ್ನು ಅಂಬಾಸಿಡರ್ ಎಂದೇ ಕರೆದರು. ಆದರೆ ಅಲ್ಲಿ ಕಂಪೆನಿ ಎಂಜಿನ್ ಒಂದನ್ನೇ ಹಾಕಿ ಕೈತೊಳೆದುಕೊಳ್ಳಲಿಲ್ಲ. ಅದರೊಂದಿಗೆ ಐದು ಗೇರುಗಳ ಹೊಸ ಪೆಟ್ಟಿಗೆಯನ್ನೂ ಕೊಟ್ಟಿತು.

ಅಂಗಳದ ಜೀಪಿಗೆ ಅಂಥದ್ದೇನೂ ದೊರೆತಿಲ್ಲ. ಡೀಸೆಲ್ ಎಂಜಿನ್ ಹೆಚ್ಚು ತೂಕದ್ದು, ಆ ಭಾರವೆಲ್ಲ ಮುಂದಿನ ಪಾಟಾಗಳ ಮೇಲೆ ಬೀಳುತ್ತದೆ. ಅದರ ಎಳೆಯುವ ಬಲ ಹಳೆಯ ಕ್ಲಚ್ಚು, ಗೇರು, ಆಕ್ಸಲ್‌ಗಳನ್ನು ತಿರುಚುತ್ತದೆ. ಬ್ರೇಕು ಮಾತ್ರ ಅದೇ ಹಳೆಯ ಡ್ರಮ್ ಬ್ರೇಕು, ಕಾಲಿನ ಬಲವೊಂದೇ ಅದಕ್ಕೆ ಆಧಾರ. ಗಂಟೆಗೆ 40 ಕಿಲೋಮೀಟರಿನಲ್ಲಿ ಓಡುತ್ತಿದ್ದದ್ದು 60ಕ್ಕೆ ಏರಿದರೆ, ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ಎರಡೂಕಾಲು ಪಟ್ಟಾಗುತ್ತದೆ. ಒಳ್ಳೆಯ ಮಿಸ್ತ್ರಿಯಾದರೆ ಮೊದಲೇ ಕೇಳುತ್ತಾನೆ: "ಓಡೂದು ಆತ್ರಿ, ನಿಲ್ಲೂದು ಹ್ಯಾಂಗ?"

ನಮಗೆ ಹಡಗಿನ ಪ್ರಶ್ನೆಗಿಂತ ಈ ಪ್ರಶ್ನೆ ದೊಡ್ಡದಾಗಿ ಕಾಣುತ್ತದೆ. ಜೀಪು ಯಾರದ್ದು, ಯಾವ ಕಾಲದ್ದು ಎಂಬುದು ಮನೆಯವರ ಮಾತು. ಹಿಂದೆ ಕುಳಿತ ಕೂಲಿ ಹೆಣ್ಣುಮಕ್ಕಳು, ಎದುರಿನಿಂದ ಸೈಕಲ್ಲಿನಲ್ಲಿ ಬರುವ ಹುಡುಗ ಆ ಪ್ರೀತಿಯಲ್ಲಿ ಪಾಲುದಾರರಲ್ಲ, ಅಪಾಯದಲ್ಲಿ ಮಾತ್ರ ಪಾಲುದಾರರು. ಅವರನ್ನು ಯಾರೂ ಕೇಳಿಲ್ಲ. ಕೇಳಲು ಸಾಧ್ಯವೂ ಇಲ್ಲ. ಅವರ ಪರವಾಗಿ ಕೇಳಲೆಂದೇ ಕಾನೂನು ಇರುವುದು.

ಕಾನೂನಿಗೆ ಜೀಪೆಂದರೆ ನೆನಪಲ್ಲ, ನೋಂದಣಿ ಪುಸ್ತಕದಲ್ಲಿರುವ ಚಾಸಿ ನಂಬರು, ಎಂಜಿನ್ ನಂಬರು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ ತಯಾರಕರು ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಎಂಜಿನ್ ಬದಲಿಸಲು ನೋಂದಣಿ ಅಧಿಕಾರಿಯ ಒಪ್ಪಿಗೆ ಬೇಕು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಈ ಕಲಮನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ತಪ್ಪಿತಸ್ಥ ಮಾಲೀಕನಿಗೆ ಆರು ತಿಂಗಳವರೆಗೆ ಸಜೆ ಅಥವಾ ಪ್ರತಿ ಮಾರ್ಪಾಡಿಗೆ 5000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ವಿಧಿಸಿತು. ಬಡವನ ಕೈಚಳಕಕ್ಕೆ ಇಷ್ಟು ಶಿಕ್ಷೆಯೇ ಎಂದು ನಮಗೂ ಅನ್ನಿಸಿದ್ದುಂಟು. ಹೊಸ ವಾಹನ ಕೊಳ್ಳಬಲ್ಲವನು ಎಂಜಿನ್ ಬದಲಿಸುವ ಗೋಜಿಗೆ ಹೋಗುವುದಿಲ್ಲ, ನಿಜ. ಆದರೆ ಹಿಂದಿನ ಸೀಟಿನಲ್ಲಿ ಕುಳಿತವರು ಅವನಿಗಿಂತಲೂ ಬಡವರು.

ಮಾರುವ ದಿನ ಬಂದಾಗ ಪ್ರಶ್ನೆ ಇನ್ನಷ್ಟು ಹತ್ತಿರವಾಗುತ್ತದೆ. ದೂರದಿಂದ ಬಂದ ಗಿರಾಕಿ ಬಾನೆಟ್ ಎತ್ತಿ ನೋಡುತ್ತಾನೆ, ಸದ್ದು ಚೆನ್ನಾಗಿದೆ ಅನ್ನುತ್ತಾನೆ. ಪುಸ್ತಕದಲ್ಲಿರುವ ನಂಬರು ಬೇರೆ, ಎಂಜಿನ್ ಮೇಲಿರುವುದು ಬೇರೆ. ಅವನು ಅದನ್ನು ಹೋಲಿಸಿಲ್ಲ. ಹೇಳಿದರೆ ಬೆಲೆ ಇಳಿಯುತ್ತದೆ, ವ್ಯಾಪಾರ ಮುರಿದರೂ ಮುರಿಯಬಹುದು. ಚಹಾ ಬರುತ್ತದೆ. ತಂದೆಯ ಜೀಪಿನ ಕಥೆಯನ್ನು ಮಗ ಮೊದಲಿನಿಂದ ಹೇಳತೊಡಗುತ್ತಾನೆ. ಎಂಜಿನ್ ಇಳಿಸಿದ ದಿನ ಆ ಕಥೆಯಲ್ಲಿ ಬರುತ್ತದೋ ಇಲ್ಲವೋ.